ಬುಡೇನ್ ಸಾಬರ ಮೂರು ಪಟ್ಟೆ

ನನ್ನ ನೆನಪಿನಲ್ಲಿ ಬುಡೇನ್ ಸಾಬರು ಸೀಮೆಎಣ್ಣೆಯ ಟಾಂಕಿಯನ್ನು ನೆಕ್ಕುತ್ತಿದ್ದಾರೆ. ಹಿತ್ತಾಳೆ ಗುಂಡಿಯ ಖಾಕಿ ಕೋಟು, ಮದರಂಗಿ ಹಚ್ಚಿದ ಗಡ್ಡ, ತಲೆಗೆ ಬಿಳಿ ಟೋಪಿ. ಎರಡೂ ಅಂಗೈಗಳನ್ನು ಕಬ್ಬಿಣಕ್ಕೆ ಊರಿ, ಕಣ್ಣು ಮುಚ್ಚಿ, ಸುಣ್ಣದ ಪಟ್ಟೆಯ ಮೇಲೆ ನಾಲಿಗೆಯನ್ನು ಕೆಳಗಿನಿಂದ ಮೇಲಕ್ಕೆ ಒಂದು ಸಲ ಎಳೆಯುತ್ತಾರೆ. ಇದು ನಿಜವಾಗಿ ನಡೆಯಿತೇ ಎಂದು ಯಾರಾದರೂ ಕೇಳಿದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ಬೆಂಗಳೂರಿನ ಕಾಲೇಜಿನಲ್ಲಿ ನಮಗೆ ತರ್ಕಶಾಸ್ತ್ರ ಕಲಿಸಿದವರು, ಒಂದು ಸಂಗತಿಯನ್ನು ಮತ್ತೆ ಮತ್ತೆ ಹೇಳುವುದರಿಂದ ಅದು ಹೆಚ್ಚು ನಿಜವಾಗುವುದಿಲ್ಲ, ಹೆಚ್ಚು ನುಣುಪಾಗುತ್ತದೆ ಅಷ್ಟೇ ಎನ್ನುತ್ತಿದ್ದರು. ಅವರು ಹಾಗೆ ಎನ್ನುತ್ತಿದ್ದರೋ ಅಥವಾ ಆ ಮಾತನ್ನೂ ನಾನೇ ನುಣುಪು ಮಾಡಿಕೊಂಡಿದ್ದೇನೋ, ಅದೂ ಖಚಿತವಿಲ್ಲ. ಬುಡೇನ್ ಸಾಬರ ವಿಷಯವನ್ನು ನಾನು ಬಹಳ ಜನರಿಗೆ ಬಹಳ ಸಲ ಹೇಳಿದ್ದೇನೆ. ಓದುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಮೊದಲ ಮಹಾಯುದ್ಧ ಮುಗಿದು ಸೀಮೆಎಣ್ಣೆ ಮತ್ತೆ ಧಾರಾಳವಾಗಿ ಬರತೊಡಗಿದ ಕಾಲ ಅದು. ದುರ್ಗಕ್ಕೆ ಇನ್ನೂ ರೈಲು ಬಂದಿರಲಿಲ್ಲ. ಹೊಳಲ್ಕೆರೆ ಸ್ಟೇಷನ್ನಿನ ಮಗ್ಗುಲಲ್ಲಿ ಒಂದು ಎಣ್ಣೆ ಕಂಪನಿಯವರು ದೊಡ್ಡ ಕಬ್ಬಿಣದ ಟಾಂಕಿ ನಿಲ್ಲಿಸಿದ್ದರು. ರೈಲಿನಲ್ಲಿ ಬಂದ ಎಣ್ಣೆಯನ್ನು ಅದಕ್ಕೆ ಏರಿಸುವುದು, ಅಲ್ಲಿಂದ ಡಬ್ಬಗಳಿಗೆ ಇಳಿಸುವುದು, ಡಬ್ಬಗಳನ್ನು ಗಾಡಿಗಳಿಗೆ ಹೇರಿ ದುರ್ಗ, ಹೊಸದುರ್ಗ, ಹಿರಿಯೂರುಗಳಿಗೆ ಕಳಿಸುವುದು. ಇದರ ಏಜೆಂಟರು ಮರುಳಪ್ಪನವರೆಂಬ ವರ್ತಕರು. ಅಗಲವಾದ ಹಣೆ, ಹಣೆಯ ತುಂಬ ವಿಭೂತಿ, ಮಾತಿಗೆ ಮೊದಲು ಒಂದು ನಿಟ್ಟುಸಿರು. ನಾನು ಬಿ.ಎ. ಮುಗಿಸಿ, ಸರ್ಕಾರದ ಕೆಲಸಕ್ಕೆ ಅರ್ಜಿ ಹಾಕಿಕೊಂಡು, ಅದು ಬರುವವರೆಗೆ ಎಂದು ಮರುಳಪ್ಪನವರಲ್ಲಿ ರೈಟರಾಗಿ ಸೇರಿದ್ದೆ. ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಲೆಕ್ಕ ಬರೆಯುವುದು ಬೇಜಾರಾದಾಗಲೆಲ್ಲ ಎದ್ದು ಬುಡೇನ್ ಸಾಬರ ಹಿಂದೆ ಟಾಂಕಿ ಸುತ್ತುತ್ತಿದ್ದೆ.

ಸಾಬರನ್ನು ಕಂಪನಿಯೇ ನೇಮಿಸಿತ್ತು. ಟಾಂಕಿ ಸೋರದಂತೆ, ಎಣ್ಣೆ ಚೆಲ್ಲದಂತೆ, ಬೆಂಕಿ ಹತ್ತಿರ ಬಾರದಂತೆ ನೋಡಿಕೊಳ್ಳುವುದು ಅವರ ಕೆಲಸ. ಅವರದು ದುರ್ಗದ ಹಳೆಯ ಕಲಾಯಿಯವರ ಮನೆತನ. ಅವರ ತಂದೆ ಊರೂರು ತಿರುಗಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರಂತೆ. ಆ ಮಾತೆತ್ತಿದರೆ ಸಾಬರಿಗೆ ಸಿಟ್ಟು ಬರುತ್ತಿತ್ತು. "ಅದೆಲ್ಲ ಅಬ್ಬಾನ ಕಾಲಕ್ಕೆ ಮುಗೀತು. ನಾನು ಇನ್ಸ್‌ಪೆಕ್ಟರು" ಎನ್ನುತ್ತಿದ್ದರು. ಹೊಸ ಊರಿಗೆ ಹೋದಾಗಲೂ ಹಾಗೆಯೇ ಪರಿಚಯ ಹೇಳಿಕೊಳ್ಳುತ್ತಿದ್ದುದರಿಂದ, ಎಷ್ಟೋ ಕಡೆ ಜನ ಅವರಿಗೆ ಮೊದಲು ಹಾಲು ಕೊಟ್ಟು ಆಮೇಲೆ ಏನು ವಿಚಾರ ಎಂದು ಕೇಳುತ್ತಿದ್ದರು. ಅವರು ಹಾಲು ಕುಡಿದು ಆಮೇಲೆ ಏನೂ ಇಲ್ಲ ಎನ್ನುತ್ತಿದ್ದರು.

ಅವರ ದಿನ ಹೊತ್ತು ಮೂಡುವುದರೊಂದಿಗೆ ಶುರುವಾಗುತ್ತಿತ್ತು. ಕಬ್ಬಿಣ ತಣ್ಣಗಿರುವಾಗಲೇ ಅಂಗೈಯಿಂದ ಸವರುತ್ತ ಟಾಂಕಿಯನ್ನು ಒಂದು ಸುತ್ತು ಬರುತ್ತಿದ್ದರು. ಸಣ್ಣ ಸುತ್ತಿಗೆಯಿಂದ ರಿವೆಟ್ಟುಗಳ ತಲೆಗೆ ಬಡಿದು ಕಿವಿಗೊಡುತ್ತಿದ್ದರು. ಎಣ್ಣೆ ಅಕಸ್ಮಾತ್ ಹೊರಬಿದ್ದರೆ ಹರಿದು ಹೋಗದಿರಲಿ ಎಂದು ಟಾಂಕಿಯ ಸುತ್ತ ಮಣ್ಣಿನ ಏರಿ ಹಾಕಿದ್ದರು. ಗಾಡಿಯವರು ಹತ್ತಿರದ ದಾರಿಗೆಂದು ಅದನ್ನು ಕಡಿದು ತಗ್ಗು ಮಾಡುತ್ತಿದ್ದರು. ಸಾಬರು ಪ್ರತಿದಿನ ಅದನ್ನು ಮತ್ತೆ ಏರಿಸಿ ಮೆಟ್ಟಿ ಗಟ್ಟಿ ಮಾಡುತ್ತಿದ್ದರು. ಗೇಟಿನಲ್ಲಿ ಒಂದು ಖಾಲಿ ಡಬ್ಬ ಇಟ್ಟು, ಬರುವವರ ಬೀಡಿ, ಬೆಂಕಿಪೆಟ್ಟಿಗೆ ಎಲ್ಲ ಅದರೊಳಗೆ ಹಾಕಿಸಿಕೊಳ್ಳುತ್ತಿದ್ದರು.

ಜವನಗೊಂಡನಹಳ್ಳಿಯ ಗಾಡಿ ತಿಪ್ಪಯ್ಯನಿಗೂ ಅವರಿಗೂ ಇದರ ಮೇಲೆ ನಿತ್ಯ ಜಗಳ.

"ಬೀಡಿ ಬಿಟ್ಟು ಎತ್ತು ಹೂಡಾದು ಹೆಂಗ್ರೀ ಸಾಬ್ರೆ? ಎತ್ತಿಗೂ ಅಭ್ಯಾಸ ಆಗೈತೆ, ಹೊಗೆ ಬರ್ಲಿಲ್ಲ ಅಂದ್ರೆ ಹೆಜ್ಜೆ ಎತ್ತಲ್ಲ."

"ಎತ್ತಿಗೆ ಬೀಡಿ ಕೊಟ್ಟು ನೀನು ನೊಗಕ್ಕೆ ಕುತ್ಗಿ ಕೊಡು. ಟೋಪಿ ತೆಗಿ. ಟೋಪಿ ಒಳಗೂ ಒಂದೈತೆ, ನನಗೆ ಗೊತ್ತು."

ಇರುತ್ತಿತ್ತು.

ಅವರಿಗೆ ಅವರದೇ ಆದ ಕೆಲವು ಸಿದ್ಧಾಂತಗಳಿದ್ದವು. "ಕಬ್ಬಿಣಕ್ಕೆ ನಾಚಿಕೆ ಜಾಸ್ತಿ, ರಾಯ್ರೆ. ನೋಡ್ತಾ ಇದ್ರೆ ಸೋರಲ್ಲ. ಬೆನ್ನು ತಿರುಗಿಸ್ರಿ, ಶುರು." ಹಾಗಾದರೆ ನೋಡುವುದರಿಂದ ಸೋರುವುದು ಗೊತ್ತಾಗುವುದು ಹೇಗೆ ಎಂದು ನಾನು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ಅದಕ್ಕೇ ಸುಣ್ಣ" ಎಂದರು.

ಸುಣ್ಣದ ವಿಷಯ ಹೇಳಬೇಕು. ಟಾಂಕಿಗೆ ಡಾಂಬರು ಬಳಿದಿತ್ತು. ಕರ್ರಗೆ, ದುಂಡಗೆ, ಮೇಲೆ ಗುಮ್ಮಟದ ಹಾಗೆ ಮುಚ್ಚಳ, ಕೆಳಗೆ ಕಲ್ಲಿನ ಕಟ್ಟೆ. ಕಬ್ಬಿಣದ ತಗಡುಗಳನ್ನು ಒಂದರ ಮೇಲೊಂದು ನಾಲ್ಕು ಸಾಲು ಜೋಡಿಸಿ ರಿವೆಟ್ಟು ಹೊಡೆದಿದ್ದರು. ಆದ್ದರಿಂದ ಅಡ್ಡ ಜಾಯಿಂಟುಗಳು ಮೂರು. ಎಣ್ಣೆ ಒಸರುವುದಿದ್ದರೆ ಜಾಯಿಂಟಿನಲ್ಲೇ ಒಸರಬೇಕು. ಕಪ್ಪು ಡಾಂಬರಿನ ಮೇಲೆ ಒಸರಿದ ಎಣ್ಣೆ ಕಾಣುವುದಿಲ್ಲ. ಅದಕ್ಕಾಗಿ ಸಾಬರು ಮೂರು ಜಾಯಿಂಟುಗಳ ಮೇಲೂ ಟಾಂಕಿಯ ಸುತ್ತ ಮೊಳದಗಲ ಸುಣ್ಣ ಬಳಿಯುತ್ತಿದ್ದರು. ಒಣಗಿದ ಸುಣ್ಣಕ್ಕೆ ಒಂದು ಹನಿ ಎಣ್ಣೆ ತಾಕಿದರೂ ಅಲ್ಲಿ ಮಾಸಲು ಕಲೆ ಏಳುತ್ತದೆ. ಮಳೆ ಬಂದು ತೊಳೆದರೆ ಮತ್ತೆ ಬಳಿಯುತ್ತಿದ್ದರು. ಈ ಉಪಾಯ ತಮ್ಮದೇ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಕಂಪನಿಯವರು ಎಲ್ಲ ಕಡೆಯೂ ಹೀಗೇ ಮಾಡಿಸುತ್ತಾರೆಂದು ನನಗೆ ಆಮೇಲೆ ಗೊತ್ತಾಯಿತು.

ಕಪ್ಪು, ದುಂಡು, ಕಲ್ಲಿನ ಕಟ್ಟೆ, ಅಡ್ಡಲಾಗಿ ಮೂರು ಬಿಳಿ ಪಟ್ಟೆ. ಓದುಗರಿಗೆ ಈಗಾಗಲೇ ಹೊಳೆದಿರಬಹುದು. ನಮಗೆ ಹೊಳೆದಿರಲಿಲ್ಲ. ಸಾಬರಿಗೆ ಅದು ಜಾಯಿಂಟು, ನನಗೆ ಅದು ಸುಣ್ಣ. ಮರುಳಪ್ಪನವರಿಗೆ ಹೊಳೆದಿತ್ತು. ಆದರೆ ಸಾಬರು ತಮ್ಮ ಮೇಲಿನ ಗೌರವದಿಂದ ಹಾಗೆ ಬಳಿಸಿದ್ದಾರೆಂದು ಅವರು ತಿಳಿದುಕೊಂಡಿದ್ದರು. ಕೇಳಿದರೆ ಸಾಬರಿಗೆ ಮುಜುಗರವಾದೀತೆಂದು ಸುಮ್ಮನಿದ್ದರಂತೆ.

ಟಾಂಕಿಯಿಂದ ಇಳಿಜಾರಿನಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಒಂದು ಬಾವಿ. ಆ ಸುತ್ತಿನ ಬಾವಿಗಳೆಲ್ಲ ಸವುಳು, ಬಾಯಿಗಿಟ್ಟರೆ ಮುಖ ಸೊಟ್ಟಗಾಗುತ್ತದೆ. ಇದೊಂದು ಮಾತ್ರ ಸೀನೀರು. ಸ್ಟೇಷನ್ ಬೀದಿಯ ಮನೆಗಳೆಲ್ಲ, ಸಾಬರ ಮನೆಯೂ, ಆ ಬಾವಿಯಿಂದಲೇ ಕುಡಿಯುತ್ತಿದ್ದವು. ಸೀಮೆಎಣ್ಣೆ ನೆಲಕ್ಕಿಳಿದು ಆ ಬಾವಿಗೆ ಸೇರಿದರೆ ಬೀದಿ ಎದ್ದುಹೋಗಬೇಕು, ಬೇರೆ ದಾರಿಯಿಲ್ಲ. ಸಾಬರು ದಿನಾ ಬೆಳಿಗ್ಗೆ ಒಂದು ಕೊಡ ಸೇದಿ, ಮುಖ ತಗ್ಗಿಸಿ, ದೀರ್ಘವಾಗಿ ಉಸಿರೆಳೆದು ಮೂಸುತ್ತಿದ್ದರು. ಆಮೇಲೆ ಕೊಡವನ್ನು ನನ್ನ ಕಡೆ ತಿರುಗಿಸುತ್ತಿದ್ದರು.

"ನೀವೂ ಒಂದ್ ಸಾರಿ ಮೂಸ್ರಿ ರಾಯ್ರೆ. ಇಬ್ರು ಸಾಕ್ಷಿ ಇರ್ಲಿ."

ನಾನು ಮೂಸಿ ಏನಿಲ್ಲ ಎನ್ನುತ್ತಿದ್ದೆ. "ನಂದೂ ಅದೇ" ಎನ್ನುತ್ತಿದ್ದರು. ಇದು ನನ್ನ ವಿದ್ಯೆಗೆ ಅವರು ಕೊಡುವ ಮರ್ಯಾದೆ ಎಂದು ನಾನು ಭಾವಿಸಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ, ಕೆಳಗಿನ ಪಟ್ಟೆಯಲ್ಲಿ, ಎದೆಯ ಎತ್ತರಕ್ಕೆ, ಅಂಗೈಯಗಲದ ಕಲೆ ಕಂಡಿತು. ಸಾಬರು ಬಹಳ ಹೊತ್ತು ಅದರ ಮುಂದೆ ನಿಂತಿದ್ದರು. ಆಮೇಲೆ ಉಳಿ ತಂದು ಅಲ್ಲಿದ್ದ ರಿವೆಟ್ಟಿನ ಅಂಚನ್ನು ಬಡಿದು ಬಿಗಿ ಮಾಡಿ ಮೇಲೆ ಹೊಸ ಸುಣ್ಣ ಬಳಿದರು. ವಾರವೆಲ್ಲ ಬೆಳ್ಳಗಿತ್ತು. ಮುಂದಿನ ಮಂಗಳವಾರ ಅದೇ ಜಾಗದಲ್ಲಿ ಮತ್ತೆ ಕಲೆ. ಮತ್ತೆ ಬಡಿದರು. ಅದರ ಮುಂದಿನ ಮಂಗಳವಾರವೂ ಹಾಗೇ ಆಯಿತು.

"ಸೋಮವಾರಕ್ಕೊಂದು ಸಾರಿ ಸೋರ್ತೈತೆ" ಎಂದು ಅವರು ಮರುಳಪ್ಪನವರಿಗೆ ಹೇಳಿದರು.

ಮರುಳಪ್ಪನವರು ನಿಟ್ಟುಸಿರು ಬಿಟ್ಟರು. "ವಾರ ನೋಡಿ ಸೋರಾಕೆ ಅದೇನು ಸಂತೆಗೆ ಹೋಗ್ತೈತೇನ್ರೀ?"

"ಅದು ನನಗೆ ಗೊತ್ತಿಲ್ಲ. ಟಾಂಕಿ ಖಾಲಿ ಮಾಡಿ ನೋಡ್ಬೇಕು. ಇಲ್ಲಾಂದ್ರೆ ಬಾವಿ ಹೋಗ್ತೈತೆ."

"ಗಾಡಿಯೆಲ್ಲ ಬಂದು ನಿಂತವೆ. ಈಗ ಖಾಲಿ ಮಾಡು ಅಂದ್ರೆ ನಾನು ಏನಂತ ಹೇಳ್ಲಿ? ರಾಯ್ರೆ, ನೀವಾದ್ರೂ ಹೇಳ್ರಿ. ಓದಿದೋರು ನೀವು. ಕಬ್ಬಿಣಕ್ಕೆ ಸೋಮವಾರ ಗೊತ್ತಾಗ್ತೈತಾ?"

ಕಬ್ಬಿಣಕ್ಕೆ ವಾರ ಗೊತ್ತಾಗುವುದು ಅಸಂಭವವೆಂದೂ, ಆದರೆ ಮೂರು ಸಲ ಕಂಡಿದ್ದನ್ನು ಅಲ್ಲಗಳೆಯುವುದೂ ಸರಿಯಲ್ಲವೆಂದೂ ನಾನು ಹೇಳಿದೆ. ಇಬ್ಬರೂ ನನ್ನ ಕಡೆ ನೋಡುವುದನ್ನು ಬಿಟ್ಟರು.

ಸಾಬರು ಕಂಪನಿಗೆ ತಿಳಿಸಿಯೇಬಿಟ್ಟರು. ಮದರಾಸಿನಿಂದ ಒಬ್ಬ ಇಂಗ್ಲಿಷ್ ಸಾಹೇಬ ಬಂದ. ಅವನ ಪೈಪನ್ನೂ ಸಾಬರು ಗೇಟಿನ ಡಬ್ಬದಲ್ಲಿ ಹಾಕಿಸಿಕೊಂಡರು. ತಿಪ್ಪಯ್ಯ ಈ ಸಂಗತಿಯನ್ನು ಹಿರಿಯೂರಿನವರೆಗೆ ಹೇಳಿಕೊಂಡು ಹೋದ. ಟಾಂಕಿ ಬರಿದಾಯಿತು, ಗಾಳಿಯಾಡಲು ಬಿಟ್ಟರು, ಸಾಹೇಬ ಒಳಗೆ ಇಳಿದು ನೋಡಿದ, ಹೊರಗೆ ಬಡಿದು ನೋಡಿದ. ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಕಲೆಯನ್ನು ತೋರಿಸೋಣವೆಂದರೆ ಸಾಬರು ಸಾಹೇಬ ಬರುತ್ತಾನೆಂದು ಪಟ್ಟೆಗಳಿಗೆಲ್ಲ ಹೊಸ ಸುಣ್ಣ ಬಳಿದು ಚೊಕ್ಕಟ ಮಾಡಿಟ್ಟಿದ್ದರು. ಇನ್ನೊಂದು ಸಲ ಸುಮ್ಮಸುಮ್ಮನೆ ಟಾಂಕಿ ಬರಿದು ಮಾಡಿಸಿದರೆ ಬೇರೆ ಮನುಷ್ಯನನ್ನು ನೋಡಬೇಕಾಗುತ್ತದೆ ಎಂದು ಸಾಹೇಬ ಹೇಳಿದ. ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೇಳಿ ಮುಗಿಸುವ ಮೊದಲೇ ಸಾಬರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳತೊಡಗಿದ್ದರು.

ಹೀಗಾಗಿ ಅವರ ಸ್ಥಿತಿ ಸರಳವಾಗಿತ್ತು. ಸೋರುತ್ತಿದೆ ಎಂದು ಹೇಳಿ ಅದು ಸುಳ್ಳಾದರೆ ಕೆಲಸ ಹೋಗುತ್ತದೆ. ಸುಮ್ಮನಿದ್ದು ಅದು ನಿಜವಾದರೆ ಬಾವಿ ಹೋಗುತ್ತದೆ.

ಮುಂದಿನ ಸೋಮವಾರ ಮಧ್ಯಾಹ್ನದಿಂದಲೇ ಅವರು ಡಬ್ಬಗಳ ರಾಶಿಯ ಹಿಂದೆ ಹೋಗಿ ಕುಳಿತರು. ನನ್ನನ್ನೂ ಕೂರಿಸಿದರು. ಕಾರಣ ಅದೇ: ಇಬ್ಬರು ಸಾಕ್ಷಿ. ಹೊತ್ತು ಇಳಿಯುತ್ತಿರುವಾಗ ಹಿಂಬದಿಯ ಜಾಲಿಬೇಲಿಯ ಸಂದಿನಿಂದ ಬಾವಿ ಪಕ್ಕದ ಮನೆಯ ಗಂಗಜ್ಜಿ ನುಸುಳಿ ಬಂದಳು. ಕೈಯಲ್ಲಿ ಹಿತ್ತಾಳೆ ತಟ್ಟೆ. ಏರಿ ದಾಟಿದಳು, ಕಟ್ಟೆ ಹತ್ತಿದಳು, ಟಾಂಕಿಯ ಮುಂದೆ ನಿಂತು ಸೆರಗು ಸರಿ ಮಾಡಿಕೊಂಡಳು. ತಟ್ಟೆಯಲ್ಲಿದ್ದ ಬಟ್ಟಲಿನಿಂದ ಹರಳೆಣ್ಣೆ ತೆಗೆದು ಕೆಳಗಿನ ಪಟ್ಟೆಗೆ ಅಂಗೈಯಿಂದ ಹಚ್ಚಿದಳು. ಕಣಗಿಲೆ ಹೂವನ್ನು ರಿವೆಟ್ಟಿನ ಮೇಲಿಟ್ಟಳು. ಹಿಂದಿನ ವಾರಗಳ ಹೂವನ್ನು ಯಾರೂ ಏಕೆ ನೋಡಲಿಲ್ಲವೆಂದರೆ ಬೇಲಿಯ ಸಂದಿನಿಂದ ಗಾಳಿಯೂ ಬರುತ್ತಿತ್ತು. ಆಮೇಲೆ ಆಕೆ ತಟ್ಟೆಯಲ್ಲಿ ಕರ್ಪೂರ ಇಟ್ಟು, ಮಡಿಲಿನಿಂದ ಬೆಂಕಿಪೆಟ್ಟಿಗೆ ತೆಗೆದಳು.

ಸಾಬರು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ಅಜ್ಜೀ! ಗೀರಬ್ಯಾಡ! ಕೆಳಗಿಡು! ಕೆಳಗಿಡು ಅಂದ್ರೆ!"

ಗಂಗಜ್ಜಿ ಹೆದರಲಿಲ್ಲ. ಬೆಂಕಿಪೆಟ್ಟಿಗೆಯನ್ನು ಅವರು ಕಿತ್ತುಕೊಂಡ ಮೇಲೆ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕಪ್ಪ ಸಾಬಣ್ಣ? ನೀನೇ ವಿಭೂತಿ ಹಚ್ತೀಯ, ನೀನೇ ಬೈತೀಯ. ನನ್ ಮಗಳಿಗೆ ಸುಸೂತ್ರ ಹೆರಿಗೆ ಆದ್ರೆ ಕರ್ಪೂರ ಹಚ್ತೀನಿ ಅಂತ ಹೇಳ್ಕಂಡಿದ್ದೆ. ಆಯ್ತು. ಹಚ್ಚಾಕೆ ಬಂದೆ."

"ಅದು ವಿಭೂತಿ ಅಲ್ಲ, ಸುಣ್ಣ."

"ಸುಣ್ಣ ಯಾಕೆ ಮೂರು ಪಟ್ಟೆ ಹಚ್ಚಿದೆ?"

"ಜಾಯಿಂಟು ಮೂರು ಅವೆ, ಅದಕ್ಕೆ."

"ಜಾಯಿಂಟು ಯಾಕೆ ಮೂರೇ ಅವೆ?"

ಸಾಬರು ನನ್ನ ಕಡೆ ತಿರುಗಿದರು. ನಾಲ್ಕು ಸಾಲು ತಗಡಿಗೆ ಮೂರು ಜಾಯಿಂಟು ಎನ್ನುವುದು ಗಣಿತ ಎಂದು ನಾನು ವಿವರಿಸಿದೆ. ಗಂಗಜ್ಜಿ ಪೂರ್ತಿ ಕೇಳಿ, "ಅದ್ನೇ ನಾನೂ ಹೇಳಾದು. ಯಾರು ಮಾಡಿದ್ರೂ ಮೂರೇ ಬಂತು ನೋಡು" ಎಂದಳು.

ಅವಳೊಬ್ಬಳೇ ಅಲ್ಲ, ಬೇರೆಯವರೂ ಬರುತ್ತಿದ್ದಾರೆಂದು ಆಗ ಗೊತ್ತಾಯಿತು. ಹೊಸದುರ್ಗದ ಕಡೆಯಿಂದ ಬರುವ ಗಾಡಿಯವರು ದಿಬ್ಬದ ಮೇಲಿನಿಂದಲೇ ಕೈ ಮುಗಿಯುತ್ತಿದ್ದರಂತೆ. ನಮ್ಮ ತಿಪ್ಪಯ್ಯನೂ ಮುಗಿಯುತ್ತಿದ್ದನಂತೆ. ಟೋಪಿ ತೆಗೆಯುವುದಕ್ಕೆ ಅವನು ಅಷ್ಟು ತಕರಾರು ಮಾಡಿದ್ದೇಕೆ, ದೇವರ ಮುಂದೆ ಹೇಗಿದ್ದರೂ ತೆಗೆಯಬೇಕಲ್ಲ ಎಂದು ಸಾಬರು ಆಮೇಲೆ ಬಹಳ ದಿನ ಕೇಳುತ್ತಿದ್ದರು.

ಮರುದಿನ ಮೂವರೂ ಕೂತು ಯೋಚಿಸಿದೆವು. ಪಟ್ಟೆಗಳನ್ನು ಅಡ್ಡಲಾಗಿ ಬಳಿಯುವ ಬದಲು ಟಾಂಕಿಯ ಮೇಲೆ ನೆಟ್ಟಗೆ ಉದ್ದುದ್ದ ಬಳಿದರೆ ಹೇಗೆ ಎಂದು ನಾನು ಸೂಚಿಸಿದೆ. ಮರುಳಪ್ಪನವರು ನನ್ನ ಹಣೆಯ ನಾಮವನ್ನೂ ಆಮೇಲೆ ಟಾಂಕಿಯನ್ನೂ ನೋಡಿ, "ನನ್ನ ಜಾಗದಾಗೆ ಅದು ಬ್ಯಾಡ" ಎಂದರು. ಸುಣ್ಣವನ್ನೇ ಬಿಟ್ಟುಬಿಡಿ ಎಂದೂ ಅವರು ಹೇಳಿದರು. ಸುಣ್ಣವಿಲ್ಲದೆ ಬಾವಿಗೆ ಯಾರು ಜವಾಬು ಎಂದು ಸಾಬರು ಕೇಳಿದರು. ಪೊಲೀಸರನ್ನು ಕರೆಸಿ ಹೆದರಿಸೋಣ ಎಂದರೆ, ವಿಭೂತಿಗೆ ಕೈ ಮುಗಿದವರನ್ನು ಹಿಡಿಸಿದರೆಂಬ ಹೆಸರು ಮರುಳಪ್ಪನವರಿಗೆ ಬೇಕಿರಲಿಲ್ಲ.

ಕೊನೆಗೆ ಸಾಬರು ಎದ್ದು ಗಂಗಜ್ಜಿಯ ಮನೆಗೆ ಹೋದರು. ಜಗಲಿಯ ಮೇಲೆ ಕುಳಿತು, ಕೊಟ್ಟ ಮಜ್ಜಿಗೆ ಕುಡಿದು ಹೇಳಿದ್ದು ಇಷ್ಟು. ನಾನು ಬದಿಯಲ್ಲೇ ಇದ್ದೆ.

"ಅಜ್ಜಿ, ಕೇಳಿಲ್ಲಿ. ಈ ದೇವ್ರಿಗೆ ಬೆಂಕಿ ಆಗಲ್ಲ. ದೀಪ ಬ್ಯಾಡ, ಕರ್ಪೂರ ಬ್ಯಾಡ, ಊದುಬತ್ತಿನೂ ಬ್ಯಾಡ. ಎಣ್ಣೆನೂ ಆಗಲ್ಲ. ಹೊಟ್ಟೆ ತುಂಬ ಎಣ್ಣೆ ಐತೆ, ಇನ್ನೂ ಯಾಕೆ? ಹೂವು ಇಡು, ಕೈ ಮುಗಿ, ಸುತ್ತ ಬಾ. ಸುತ್ತು ಬರುವಾಗ ಕಣ್ಣು ಮಾತ್ರ ಮುಚ್ಬ್ಯಾಡ. ಪಟ್ಟೆ ನೋಡ್ತಾ ಸುತ್ತ ಬರ್ಬೇಕು. ಹಂಗೇ ಎಲ್ರಿಗೂ ಹೇಳು."

"ಹಂಗಂತ ಯಾರು ಹೇಳಿದ್ರು?"

"ನಾನು ಇನ್ಸ್‌ಪೆಕ್ಟರು."

ಗಂಗಜ್ಜಿ ಇದನ್ನು ಒಪ್ಪಿಕೊಂಡಳು. ಬಾಗಿಲು ತೆಗೆಯುವವನಿಗೆ ಒಳಗಿನವರ ಪಥ್ಯ ಗೊತ್ತಿರುತ್ತದೆ ಎಂದುಕೊಂಡಿರಬೇಕು.

ಪಟ್ಟೆ ನೋಡುತ್ತಾ ಸುತ್ತು ಬರಬೇಕೆಂದು ಸಾಬರು ಏಕೆ ಹೇಳಿದರು ಎನ್ನುವುದು ನನಗೆ ಇಂದಿಗೂ ಸ್ಪಷ್ಟವಿಲ್ಲ. ಕೂಲಿಯಿಲ್ಲದೆ ಬೀದಿಯ ಕಣ್ಣನ್ನೆಲ್ಲ ಟಾಂಕಿಗೆ ಹಚ್ಚುವ ಉಪಾಯವಾಗಿರಬಹುದು. ಕಣ್ಣು ಮುಚ್ಚಿದ ಮುದುಕಿ ಕಟ್ಟೆಯಿಂದ ಕೆಳಗೆ ಬಿದ್ದಾಳೆಂಬ ಭಯವೂ ಇರಬಹುದು. ಕೇಳಿದಾಗ ಅವರು ಎರಡಕ್ಕೂ ಹೌದು ಎಂದರು.

ಅಲ್ಲಿಂದ ಮುಂದೆ ಮಂಗಳವಾರ ಕಲೆ ಕಾಣುವುದು ನಿಂತಿತು. ಸೋಮವಾರ ಸಂಜೆ ಬೀದಿಯ ಹೆಂಗಸರು ಬೆಂಕಿಯಿಲ್ಲದೆ, ಎಣ್ಣೆಯಿಲ್ಲದೆ, ಕಣ್ಣು ತೆರೆದುಕೊಂಡು ಟಾಂಕಿ ಸುತ್ತುತ್ತಿದ್ದರು. ಸಾಬರು ಗೇಟಿನಲ್ಲಿ ನಿಂತು ಮಡಿಲು ತಪಾಸಣೆ ಮಾಡುವಂತಿಲ್ಲವಾದ್ದರಿಂದ, "ಬೆಂಕಿಪೆಟ್ಟಿಗೆ ಇದ್ರೆ ನೀವೇ ಡಬ್ಬಕ್ಕೆ ಹಾಕ್ರವ್ವಾ" ಎಂದು ಬೇರೆ ಕಡೆ ನೋಡುತ್ತ ಹೇಳುತ್ತಿದ್ದರು. ಹಾಕುತ್ತಿದ್ದರು.

ಬೇಸಿಗೆ ಬಂತು. ಒಂದು ಬೆಳಿಗ್ಗೆ, ಸಾಬರು ತಮ್ಮ ಸುತ್ತು ಮುಗಿಸಿ, ಎಲ್ಲ ಸರಿಯಾಗಿದೆ ಎಂದು ನನಗೆ ಹೇಳಿ ಚಹಾ ಕುಡಿಯುತ್ತಿದ್ದಾಗ ಗಂಗಜ್ಜಿ ಬಂದಳು. ಅವತ್ತು ಸೋಮವಾರವೂ ಅಲ್ಲ.

"ಸಾಬಣ್ಣ, ನಿನ್ ದೇವ್ರು ಬೆವತೈತೆ."

"ಎಲ್ಲಿ?"

"ಹಿಂದೆ. ಬೇಲಿ ಕಡೆ. ಕೆಳಗಿನ ಪಟ್ಟೆ."

ಸಾಬರು ಲೋಟ ಕೆಳಗಿಡಲಿಲ್ಲ. "ಈಗ ನೋಡ್ಕಂಡು ಬಂದೀನಿ. ಏನೂ ಇರ್ಲಿಲ್ಲ. ನೀನು ಮತ್ತೆ ಹರಳೆಣ್ಣೆ ಹಚ್ಚಿದೀಯ."

"ನಾನು ಹಚ್ಚಿಲ್ಲ."

"ನಿಮ್ಮೋರು ಯಾರೋ ಹಚ್ಚಿರ್ತಾರೆ."

ಗಂಗಜ್ಜಿ ಕೊರಳಿನ ಲಿಂಗವನ್ನು ಬಟ್ಟೆಯ ಮೇಲಿನಿಂದಲೇ ಮುಟ್ಟಿ ಹೇಳಿದಳು: "ಇದನ್ನ ಮುಟ್ಟಿ ಹೇಳ್ತೀನಿ. ಯಾರೂ ಹಚ್ಚಿಲ್ಲ. ಎದ್ದು ನೋಡು. ನೋಡಾದು ನಿನ್ ಕೆಲ್ಸ."

ಅವರು ನಿಧಾನವಾಗಿ ಎದ್ದರು. ಕಲೆ ಇತ್ತು, ಅಂಗೈಗಿಂತ ಸಣ್ಣದು. ಹರಳೆಣ್ಣೆಯೋ ಸೀಮೆಎಣ್ಣೆಯೋ ಎನ್ನುವುದಷ್ಟೇ ಪ್ರಶ್ನೆ. ಮೊದಲನೆಯದಾದರೆ ಒರೆಸಿದರೆ ಮುಗಿಯಿತು. ಎರಡನೆಯದಾದರೆ ಮತ್ತೆ ಮರುಳಪ್ಪನವರು, ಮತ್ತೆ ಸಾಹೇಬ. ಬಗ್ಗಿ ಮೂಸಿದರೆ ಯಾರಿಗಾದರೂ ಗೊತ್ತಾಗಬೇಕು. ಸಾಬರು ಮೂಸಲಿಲ್ಲ. ಈ ಲೇಖನದ ಮೊದಲಲ್ಲಿ ಹೇಳಿದ್ದನ್ನು ಮಾಡಿದರು. ಅಥವಾ ಅದನ್ನು ಮಾಡಿದರೆಂದು ನನಗೆ ನೆನಪು.

ಅವರು ಉಗುಳಿದರು. "ಹರಳೆಣ್ಣೆ ಅಲ್ಲ" ಎಂದರು.

ಮರುಳಪ್ಪನವರು ಸುದ್ದಿ ಕೇಳಿ ಬರಿಗಾಲಿನಲ್ಲಿ ಬಂದರು. "ಮತ್ತೆ ಶುರು ಮಾಡಿದ್ರೇನ್ರೀ ಸಾಬ್ರೆ? ಕಂಪನಿಗೆ ತಿಳಿಸ್ರಿ. ಅವರು ಹೇಳ್ಲಿ. ಹೇಳೋವರ್ಗೂ ಮುಟ್ಬ್ಯಾಡ್ರಿ. ನಿಮ್ಮ ಕೆಲ್ಸ ಉಳೀಲಿ ಅಂತ ಹೇಳ್ತಾ ಇದೀನಿ."

"ಅವ್ರು ಬರೋವರ್ಗೂ ಅದು ನಿಂತ್ಕಳಲ್ಲ. ಜಾಯಿಂಟಿನ ಕೆಳಗೆ ಬರೋವರ್ಗೂ ಎಣ್ಣೆ ಇಳಿಸ್ಬೇಕು. ಇವತ್ತೇ."

"ಸುಳ್ಳಾದ್ರೆ?"

"ಕೋಟು ಬಿಚ್ಚಿ ಕೊಡ್ತೀನಿ."

ಅದು ಅವರು ಆಡಬಹುದಾದ ದೊಡ್ಡ ಮಾತಾಗಿತ್ತು. ಮರುಳಪ್ಪನವರು ಇನ್ನೂ ಹಿಂದೆಮುಂದೆ ನೋಡುತ್ತಿದ್ದರು. ಆಗ ಗಂಗಜ್ಜಿ, "ನಿನಗೇನಪ್ಪ, ಊರಾಗಿನ ನಿನ್ ಮನ್ಯಾಗೆ ಬೇರೆ ಬಾವಿ ಐತೆ" ಎಂದಳು. ಮರುಳಪ್ಪನವರು ಹಣೆ ಒರೆಸಿಕೊಂಡರು, ವಿಭೂತಿ ಅಳಿಸಿತು, "ಇಳಿಸ್ರಿ" ಎಂದರು.

ಗಾಡಿಯವರು, ಬೀದಿಯವರು, ನಾನು, ಎಲ್ಲರೂ ಡಬ್ಬ ಹಿಡಿದೆವು. ತಿಪ್ಪಯ್ಯ ಅಂದು ತಾನಾಗಿಯೇ ಟೋಪಿ ತೆಗೆದು ಗೇಟಿನಲ್ಲಿಟ್ಟು ಬಂದ. ಎಣ್ಣೆ ಜಾಯಿಂಟಿನ ಕೆಳಗೆ ಇಳಿದ ಮೇಲೆ ಸಾಬರು ಡಾಂಬರು ಕೆರೆದರು. ರಿವೆಟ್ಟಿನ ಪಕ್ಕದಲ್ಲಿ ತಗಡು ತುಕ್ಕು ತಿಂದು ಒಣ ಎಲೆಯಂತಾಗಿತ್ತು. ಸುತ್ತಿಗೆ ತಾಗಿಸಿದರು, ಸುತ್ತಿಗೆ ಒಳಗೆ ಹೋಯಿತು. ಕಟ್ಟೆಯ ಬುಡದಲ್ಲಿ ಎಣ್ಣೆ ಹೀರಿದ ಮಣ್ಣನ್ನು ಅಗೆದು, ಬಾವಿಯಿಂದ ದೂರಕ್ಕೆ ಹೊತ್ತು ಹಾಕಿದೆವು. ಎಷ್ಟು ಬುಟ್ಟಿ ಎಂದು ಕೇಳಬೇಡಿ. ನಾನು ಹೇಳುವ ಸಂಖ್ಯೆ ವರ್ಷ ವರ್ಷಕ್ಕೂ ಹೆಚ್ಚಾಗುತ್ತ ಬಂದಿದೆ.

ಸಾಹೇಬ ಮತ್ತೆ ಬಂದ. ತೂತಿನಲ್ಲಿ ಬೆರಳು ಹಾಕಿ ನೋಡಿದ. ಇದನ್ನು ಮೊದಲು ಕಂಡವರು ಯಾರು ಎಂದು ಕೇಳಿದ. ಆ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಿದೆ. ಗಂಗಜ್ಜಿ ಅಲ್ಲೇ ಇದ್ದಳು.

"ನಾನು" ಎಂದರು ಬುಡೇನ್ ಸಾಬರು, ಕಣ್ಣು ಮಿಟುಕಿಸದೆ.

ಗಂಗಜ್ಜಿ ಟಾಂಕಿಗೆ ಕೈ ಮುಗಿದಳು. ಅವಳ ಲೆಕ್ಕದಲ್ಲಿ ಅದನ್ನು ಕಂಡವರು ಅವಳೂ ಅಲ್ಲ, ಸಾಬರೂ ಅಲ್ಲ. ದೇವರು ತಾನೇ ತೋರಿಸಿಕೊಂಡಿತ್ತು. ಸಾಹೇಬ ಸಾಬರ ಬೆನ್ನು ತಟ್ಟಿದ. ಸಾಬರು ಕೋಟಿನ ಆ ಜಾಗವನ್ನು ಬಹಳ ದಿನ ಒಗೆಯಲಿಲ್ಲವೆಂದು ತಿಪ್ಪಯ್ಯ ಹೇಳುತ್ತಿದ್ದ. ತಿಪ್ಪಯ್ಯನ ಮಾತನ್ನು ನಾನು ಸಾಕ್ಷ್ಯವೆಂದು ಪರಿಗಣಿಸುವುದಿಲ್ಲ.

ಸ್ವಲ್ಪ ದಿನಕ್ಕೆ ನನ್ನ ಸರ್ಕಾರಿ ಕೆಲಸ ಬಂತು. ಹೊರಟೆ. ಆಮೇಲೆ ಊರಿಂದೂರಿಗೆ ವರ್ಗವಾಗುತ್ತ ಹೋದೆ. ಸಾಬರನ್ನು ಕೊನೆಯ ಸಲ ನೋಡಿದ್ದು ದುರ್ಗದ ಬಜಾರಿನಲ್ಲಿ, ಒಂದು ಅತ್ತರಿನ ಅಂಗಡಿಯ ಮುಂದೆ. ಗಡ್ಡಕ್ಕೆ ಮದರಂಗಿ ಇರಲಿಲ್ಲ, ಕೋಟು ಇತ್ತು. ಮೊಮ್ಮಗಳ ನಿಕಾ, ಅತ್ತರು ಬೇಕು ಎಂದರು. ಅಂಗಡಿಯವನು ಹತ್ತಿಯ ತುಂಡುಗಳನ್ನು ಒಂದೊಂದೇ ಶೀಶೆಗೆ ಅದ್ದಿ ಕೊಡುತ್ತಿದ್ದ. ಸಾಬರು ಪ್ರತಿಯೊಂದನ್ನೂ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು ತಲೆದೂಗುತ್ತಿದ್ದರು. ಅಂಗಡಿಯವನು ಯಾರನ್ನೋ ಮಾತಾಡಿಸಲು ತಿರುಗಿದಾಗ, ಅವರು ಗಲ್ಲಾಪೆಟ್ಟಿಗೆಯ ಮೇಲಿಂದ ಇನ್ನೂ ಅದ್ದದ ಒಂದು ಒಣ ಹತ್ತಿಯನ್ನು ತೆಗೆದುಕೊಂಡರು. ಅದನ್ನೂ ಮೂಸಿದರು.

"ಇದು ಭಾಳ ಚೆಂದ ಐತೆ" ಎಂದರು. ಆಮೇಲೆ ಅದನ್ನು ನನ್ನ ಕಡೆ ಹಿಡಿದರು. "ನೀವೂ ಒಂದ್ ಸಾರಿ ಮೂಸ್ರಿ ರಾಯ್ರೆ."

ಆಗ ನನಗೆ ಅರ್ಥವಾಯಿತು. ಅವರ ಮೂಗು ಹೋಗಿತ್ತು. ಸೀಮೆಎಣ್ಣೆಯ ನಡುವೆ ಇದ್ದು ಇದ್ದು ಯಾವಾಗ ಹೋಯಿತೋ. ಗಂಗಜ್ಜಿಯ ಹರಳೆಣ್ಣೆಯನ್ನು ವಾರಗಟ್ಟಲೆ ಸೀಮೆಎಣ್ಣೆ ಎಂದು ಬಡಿದಿದ್ದು, ದಿನಾ ಬಾವಿಯ ಕೊಡವನ್ನು ನನ್ನ ಕಡೆ ತಿರುಗಿಸಿದ್ದು, ಅವತ್ತು ಮೂಸುವ ಬದಲು ನಾಲಿಗೆ ಚಾಚಿದ್ದು, ಎಲ್ಲಕ್ಕೂ ಒಂದೇ ಕಾರಣ. ಮೂಗಿಲ್ಲದ ಇನ್ಸ್‌ಪೆಕ್ಟರನ್ನು ಯಾವ ಕಂಪನಿ ಇಟ್ಟುಕೊಳ್ಳುತ್ತದೆ? ಅಷ್ಟು ದಿನ ಬೀದಿಯ ಬಾವಿಗೆ ಮೂಗಾಗಿದ್ದವನು ನಾನು, ನನಗೇ ತಿಳಿಯದೆ.

ನಾನು ಒಣ ಹತ್ತಿಯನ್ನು ಮೂಸಿ, ಇನ್ನೊಂದು ಶೀಶೆಯದನ್ನೂ ನೋಡೋಣ ಎಂದೆ. ಮಲ್ಲಿಗೆಯದೊಂದನ್ನು ಆರಿಸಿ ಕೊಟ್ಟೆ. "ನಂದೂ ಅದೇ" ಎಂದರು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ನಿವೃತ್ತನಾದ ಮೇಲೆ, ಒಂದು ಮಧ್ಯಾಹ್ನ, ಮುಂದಿನ ರೈಲು ಹಿಡಿದರಾಯಿತೆಂದು ಹೊಳಲ್ಕೆರೆ ಸ್ಟೇಷನ್ನಿನಲ್ಲಿ ಇಳಿದೆ. ಟಾಂಕಿ ಇರಲಿಲ್ಲ. ಕಲ್ಲಿನ ಕಟ್ಟೆ ಇತ್ತು. ಅದರ ಮೇಲೆ ಯಾರೋ ಒಂದು ದುಂಡನೆ ಕಲ್ಲು ನಿಲ್ಲಿಸಿ ಮೂರು ಪಟ್ಟೆ ಎಳೆದಿದ್ದರು. ಸುಣ್ಣವೋ ವಿಭೂತಿಯೋ ನಾನು ಪರೀಕ್ಷಿಸಲಿಲ್ಲ. ಕೊಡ ಹಿಡಿದು ಹೋಗುತ್ತಿದ್ದ ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಿ, ಇಲ್ಲಿ ಕರ್ಪೂರ ಸಿಗುತ್ತದೆಯೇ ಎಂದು ಕೇಳಿದೆ.

"ಇಲ್ಲಿ ಬೆಂಕಿ ಹಚ್ಚಂಗಿಲ್ರೀ. ಈ ದೇವ್ರಿಗೆ ಆಗಲ್ಲ. ಹೂವು ಇಟ್ಟು ಸುತ್ತ ಬರ್ರಿ. ಕಣ್ಣು ತೆಕ್ಕಂಡು ಬರ್ಬೇಕು."

"ಹಾಗಂತ ಯಾರು ಹೇಳಿದ್ದು?"

"ಮೊದ್ಲಿಂದ್ಲೂ ಹಂಗೇ."

ಬುಡೇನ್ ಸಾಬರ ಹೆಸರು ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಗಂಗಜ್ಜಿಯ ಹೆಸರೂ ಗೊತ್ತಿರಲಿಲ್ಲ. ಇಲ್ಲಿ ಎಣ್ಣೆಯ ಟಾಂಕಿ ಇತ್ತು ಎಂದೆ. ಅವಳು ನಂಬಲಿಲ್ಲ, ಆದರೆ ವಯಸ್ಸಾದವರೆಂದು ಎದುರಾಡಲಿಲ್ಲ. ಅವಳು ಹೇಳಿದ್ದು ಅವಳು ಕೇಳಿದ ಮಾತು, ನಾನು ಹೇಳುತ್ತಿರುವುದು ನಾನು ನೆನಪಿಟ್ಟುಕೊಂಡ ಮಾತು. ಎರಡನ್ನೂ ಯಾವ ನ್ಯಾಯಸ್ಥಾನವೂ ಒಪ್ಪಲಾರದು.

ಆದ್ದರಿಂದ ಬಾವಿಗೆ ಹೋದೆ. ಅವಳಿಂದ ಒಂದು ಕೊಡ ನೀರು ಸೇದಿಸಿದೆ. ಮುಖ ತಗ್ಗಿಸಿ ದೀರ್ಘವಾಗಿ ಉಸಿರೆಳೆದೆ. ನನ್ನ ಮೂಗನ್ನೂ ಈಗ ನಾನು ಪೂರ್ತಿ ನಂಬುವುದಿಲ್ಲ. ಕೊಡವನ್ನು ಅವಳ ಕಡೆ ತಿರುಗಿಸಿ, ನೀನೂ ಒಂದು ಸಲ ಮೂಸಮ್ಮ, ಇಬ್ಬರು ಸಾಕ್ಷಿ ಇರಲಿ ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಮೂಸಿದಳು. ಆಮೇಲೆ ಇಬ್ಬರೂ ಬೊಗಸೆಯಲ್ಲಿ ಕುಡಿದೆವು.

ವಾಸನೆ ಇರಲಿಲ್ಲ. ಸೀನೀರು.